ನೀರಿನೊಳಗಿನ ಏರು

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಅದರ ಮೇಲಿರುವುದು ಒಂದೇ ಗೆರೆ. ಎಡಗಡೆಯಿಂದ ಹೊರಟು, ಸ್ವಲ್ಪ ದೂರ ಸುಮ್ಮನೆ ನಡೆದು, ಆಮೇಲೆ ಸಿಟ್ಟು ಬಂದವರ ಹಾಗೆ ಮೇಲಕ್ಕೆ ಏರಿ, ತುದಿಯಲ್ಲಿ ಚೂಪಾಗಿ, ಬಲಗಡೆಗೆ ದಬಕ್ಕನೆ ಇಳಿಯುತ್ತದೆ. ಲಡಾಖಿನ ಕಡೆಯ ಒಂದು ಕಣಿವೆ ಮಾರ್ಗದ ರಸ್ತೆಯನ್ನು ಪಕ್ಕದಿಂದ ನೋಡಿದರೆ ಹೀಗೆ ಕಾಣುತ್ತದಂತೆ. ಬಾಜೂ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಅದನ್ನು ನೋಡಿ, ದನಿ ತಗ್ಗಿಸಿ, ಎದೆನೋವು ಯಾರಿಗೆ ಎಂದು ಕೇಳಿದರು. ನನ್ನ ಅಕ್ಕ ಇಳಕಲ್ಲಿನಲ್ಲಿ ಸೀರೆ ವ್ಯಾಪಾರದ ಮನೆಯವಳು. ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪು-ಬಿಳಿ ಹಲ್ಲುಗಳ ಸಾಲಿರುತ್ತದಲ್ಲ, ಅದಕ್ಕೆ ಟೋಪ ತೆನಿ ಎನ್ನುತ್ತಾರೆ. ಅಕ್ಕ ಬಂದಾಗ ಹಾಳೆಯನ್ನು ಎರಡು ನಿಮಿಷ ದಿಟ್ಟಿಸಿ, ಯಾರೋ ಟೋಪ ತೆನಿ ನೇಯುವುದನ್ನು ಒಂದೇ ಹಲ್ಲಿಗೆ ಬಿಟ್ಟು ಎದ್ದು ಹೋಗಿದ್ದಾರೆ ಎಂದಳು.

ಆ ಒಂದು ಹಲ್ಲಿನ ಮೇಲೆ ನಾನು ಈ ವರ್ಷ ಸೈಕಲ್ ತುಳಿಯಬೇಕು. ಹಾಗೆಂದು ಒಂದು ಸೈಕಲ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೇನೆ. ಯಾಕೆ ಕೊಟ್ಟೆ ಎಂದು ಮಾತ್ರ ಕೇಳಬೇಡಿ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸವಿರುವವಳು ನಾನು. ಇಂಥ ಪ್ರಶ್ನೆಗೆ ಉತ್ತರ ಸಿಗಲೆಂದೇ ಬರೆಯುವುದು. ಆ ದಿನದ ಪುಟ ತೆರೆದು ನೋಡಿದರೆ, "ಹೆಸರು ಕೊಟ್ಟೆ. ಸಂಜೆ ಮಡಿಕೆಕಾಳಿನ ಪಲ್ಯ" ಎಂದಿದೆ. ಪಲ್ಯಕ್ಕೂ ಪರ್ವತಕ್ಕೂ ಏನು ಸಂಬಂಧವಿತ್ತೋ ಬರೆದವಳಿಗೇ ಗೊತ್ತಿಲ್ಲ.

ಒಂದು ಕಾರಣ ಹೇಳಬಹುದು. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಅನ್ನ ಸರಿಯಾಗಿ ಬೇಯುವುದಿಲ್ಲ, ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಗುಡ್ಡ ಬರೆದು ಹೇಳುತ್ತ ಬಂದಿದ್ದೇನೆ. ನನ್ನ ಕಣ್ಣಾರೆ ಕಂಡ ಅತಿ ಎತ್ತರದ ಜಾಗವೆಂದರೆ ಬಾದಾಮಿಯ ಕೆಂಪು ಗುಡ್ಡ. ಅದರ ಮೇಲೂ ದಮ್ಮು ಹತ್ತಿತ್ತು, ಆದರೆ ಅದು ಗಾಳಿ ತೆಳುವಾಗಿದ್ದಕ್ಕಲ್ಲ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ಮೇಡಂ ನೀವು ನೋಡೀರೇನ್ರಿ ಎಂದು ಕೇಳಿದಳು, ಅದು ನನ್ನನ್ನು ಚುಚ್ಚಿತು, ಅದಕ್ಕೇ ಹೆಸರು ಕೊಟ್ಟೆ ಎಂದು ಕೆಲವರ ಮುಂದೆ ಹೇಳಿದ್ದೇನೆ. ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಆ ಹುಡುಗಿ ಕೇಳಿದ್ದು ಹೆಸರು ಕೊಡುವ ಮೊದಲೋ ಆಮೇಲೋ ಎಂದು ಯೋಚಿಸತೊಡಗಿದರೆ, ಆ ಹುಡುಗಿಯ ಮುಖವೇ ನೆನಪಿಗೆ ಬರುವುದಿಲ್ಲ. ಅಷ್ಟಕ್ಕೂ ಅವಳು ಇದ್ದಳೇ?

ತಯಾರಿಯ ವಿಷಯಕ್ಕೆ ಬರುತ್ತೇನೆ. ಇಂಥ ಘಾಟ್ ಹತ್ತುವವರು ತಿಂಗಳುಗಟ್ಟಲೆ ಏರು ಹತ್ತಿ ಕಾಲು ಪಳಗಿಸಿಕೊಳ್ಳಬೇಕಂತೆ. ನಾವಿರುವ ನವನಗರದಲ್ಲಿ ಏರೆಂದರೆ ಸ್ಪೀಡ್ ಬ್ರೇಕರ್. ಊರ ಹೊರಗೆ ಬಂದರೆ ಎರೆಹೊಲ, ಎರೆಹೊಲದ ಆಚೆಗೆ ಮತ್ತೂ ಎರೆಹೊಲ. ಹೀಗಾಗಿ ನಾನು ಗಾಳಿಯನ್ನೇ ಗುಡ್ಡವೆಂದು ತಿಳಿದುಕೊಂಡೆ. ಬೆಳಿಗ್ಗೆ ಹುನಗುಂದದ ಕಡೆಗೆ ಹೋಗುವಾಗ ಏನೂ ಅನ್ನಿಸುವುದಿಲ್ಲ. ಮರಳಿ ಬರುವಾಗ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಇಳಕಲ್ಲಿನಿಂದ ಕಲ್ಲಿನ ದಿಮ್ಮಿ ಹೊತ್ತ ಲಾರಿಗಳು ಪಕ್ಕದಲ್ಲಿ ಹಾದು ಹೋದಾಗ ಒಂದು ಕ್ಷಣ ಗಾಳಿ ತಡೆಯುತ್ತದೆ. ಆ ಒಂದು ಕ್ಷಣಕ್ಕಾಗಿ ನಾನು ಲಾರಿಗಳನ್ನು ಪ್ರೀತಿಸಲು ಕಲಿತೆ. ದಣಿವಿಗೆ ಮದ್ದಾಗಿ ಅಮೀನಗಡದ ಕರದಂಟು ಜೇಬಿನಲ್ಲಿ. ದೂರದೂರ ಸೈಕಲ್ ತುಳಿಯುವವರು ಬಣ್ಣದ ಕಾಗದದಲ್ಲಿ ಸುತ್ತಿದ ಏನೇನೋ ತಿನ್ನುತ್ತಾರಂತೆ. ಬೆಲ್ಲ, ಅಂಟು, ಗೋಡಂಬಿ ಇವುಗಳನ್ನು ಮೀರಿಸುವಂಥದ್ದು ಅದರಲ್ಲಿ ಏನಿರುತ್ತದೋ ನಾನರಿಯೆ. ಒಮ್ಮೆ ಕಟಕ ರೊಟ್ಟಿ ಇಟ್ಟುಕೊಂಡು ಹೋಗಿದ್ದೆ. ಹುನಗುಂದ ಮುಟ್ಟುವುದರೊಳಗೆ ಬೆನ್ನಿನ ಜೇಬಿನಲ್ಲಿ ಅದು ಮತ್ತೆ ಹಿಟ್ಟಾಗಿತ್ತು.

ಖರೆ ಏರು ಬೇಕೆಂದರೆ ಬಾದಾಮಿಗೇ ಹೋಗಬೇಕು. ಅಲ್ಲಿಂದ ಮಹಾಕೂಟದ ಕಡೆಗೆ ಹೊರಟರೆ ಗುಡ್ಡದ ಮೈಮೇಲೆ ಒಂದು ಏರಿದೆ. ಆದರೆ ಅದು ಮುಗಿದು ಹೋಗುತ್ತದೆ. ಅದೇ ಅದರ ದೋಷ. ಮೈ ಬೆವರುವ ಹೊತ್ತಿಗೆ ಇಳಿಜಾರು. ಆದ್ದರಿಂದ ನಾನು ರವಿವಾರಗಳಂದು ಅದನ್ನೇ ಹತ್ತಿ, ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು ಮಾಡುತ್ತಿದ್ದೆ. ಏರಿನ ಬುಡದಲ್ಲಿ ರೊಟ್ಟಿಬುಟ್ಟಿ ಇಟ್ಟುಕೊಂಡು, ಬನಶಂಕರಿಗೆ ಹೋಗುವ ಟಂಟಂ ಗಾಡಿಗಾಗಿ ಕಾಯುತ್ತ ಒಬ್ಬಾಕೆ ಕೂತಿರುತ್ತಿದ್ದಳು. ಗುಡಿಗೆ ಬಂದವರಿಗೆ ರೊಟ್ಟಿ, ಮೊಸರು, ಕೆಂಪು ಚಟ್ನಿ ಮಾರುವವಳು. ಎರಡು ರವಿವಾರ ನನ್ನನ್ನು ನೋಡಿ, ಮೂರನೆಯದಕ್ಕೆ ಕೈ ಅಡ್ಡ ಮಾಡಿ ನಿಲ್ಲಿಸಿದಳು.

"ಯಾವ ದೇವರಿಗೆ ಹರಕಿ ಹೊತ್ತೀರಿ?"

ಇಲ್ಲ, ಇದು ಹರಕೆ ಅಲ್ಲ, ಹಿಮಾಲಯಕ್ಕೆ ಹೋಗಲು ತಯಾರಿ ಎಂದು ನಾನು ವಿವರಿಸಬೇಕಿತ್ತು. ಆದರೆ ನೆತ್ತಿಯ ಮೇಲೆ ಟೊಪ್ಪಿಗೆ, ಕಣ್ಣಿಗೆ ಕಪ್ಪು ಕನ್ನಡಕ, ಬಾಯಿಂದ ಉಸಿರು ಬಿಡುತ್ತ ನಿಂತ ನನಗೆ ಅಷ್ಟು ದೊಡ್ಡ ವಾಕ್ಯ ಹೊರಡಲಿಲ್ಲ. ಬನಶಂಕರಿಗೆ ಎಂದುಬಿಟ್ಟೆ. ಅವಳಿಗೆ ಸಮಾಧಾನವಾಯಿತು. ಗುಡಿ ಆ ಕಡೆಗಿದೆ, ನೀವು ಈ ಕಡೆಗೆ ಯಾಕೆ ಹತ್ತುತ್ತೀರಿ ಎಂದು ಕೇಳಲಿಲ್ಲ. ಹರಕೆಯಲ್ಲಿ ಅಂಥ ಸಣ್ಣಪುಟ್ಟ ವಿಚಾರ ಯಾರೂ ಮಾಡುವುದಿಲ್ಲ. ಅಂದಿನಿಂದ ನಾನು ಇಳಿದು ಬಂದಾಗಲೆಲ್ಲ ಅವಳು ನೆರಳಿನಲ್ಲಿ ಕೂರಿಸಿ, ದೇವಿ ಏನು ಕೊಡಬೇಕೆಂದು ಬೇಡಿಕೊಂಡಿರಿ ಎಂದು ವಿಚಾರಿಸುತ್ತಿದ್ದಳು. ಮಕ್ಕಳ ಲಗ್ನವೋ, ಯಜಮಾನರ ಆರೋಗ್ಯವೋ, ಹೊಲದ ಕೋರ್ಟು ಕೆಲಸವೋ ಎಂದು ಒಂದೊಂದಾಗಿ ಹೆಸರಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಯಾವುದಕ್ಕೂ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಹೇಳಬಾರದೇನೋ ಎಂದು ಅವಳೇ ಸುಮ್ಮನಾಗುತ್ತಿದ್ದಳು. ಖರೆ ಹೇಳಬೇಕೆಂದರೆ, ನನಗೆ ಏನು ಬೇಕಾಗಿದೆ ಎಂದು ಅಷ್ಟು ಸೀದಾ ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹೀಗಿರುವಾಗ ಹುಬ್ಬಳ್ಳಿಯಿಂದ ಆ ಪ್ರವಾಸದ ಸಂಘಟಕರ ಫೋನು ಬಂತು. ಮೃದುವಾಗಿ ಮಾತಾಡುವ ಮನುಷ್ಯ. ಅವರು ಜನರನ್ನು ಎರಡು ಗುಂಪು ಮಾಡುತ್ತಿದ್ದರು. ಹಿಂದೆ ಯಾವುದಾದರೂ ಏರನ್ನು ಒಮ್ಮೆಯಾದರೂ ಕಾಲು ನೆಲಕ್ಕಿಡದೆ ಹತ್ತಿದವರದು ಮೊದಲನೆಯ ಗುಂಪು. ಉಳಿದವರು ನಿಧಾನವಾಗಿ ಹಿಂದಿನಿಂದ ಬರಬೇಕು. ಅವರ ಬೆನ್ನಿಗೆ ಒಂದು ಗಾಡಿ ಇರುತ್ತದೆ. ಬಾದಾಮಿಯದು ಏರೇ ಅಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ನನಗೆ ಏನಾಯಿತೋ, ಗಾಡಿ ಹಿಂದಿರುವ ಗುಂಪು ನನಗೆ ಬೇಡ, ನಾನು ಸಣ್ಣವಳಿದ್ದಾಗಲೇ ದೊಡ್ಡ ಏರು ಹತ್ತಿದವಳು ಎಂದೆ. ಎಲ್ಲಿ ಎಂದು ಕೇಳಿದರು. ಹಳೇ ಬಾಗಲಕೋಟೆಯಲ್ಲಿ, ಹೊಳೆಯಿಂದ ಪೇಟೆಗೆ ಬರುವ ದಾರಿ ಎಂದು ವರ್ಣಿಸಿದೆ. ಅವರು ಮೊಬೈಲಿನಲ್ಲಿ ನಕ್ಷೆ ತೆರೆದು ಹುಡುಕುತ್ತಿದ್ದರೆಂದು ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಬಹಳ ಗೌರವದಿಂದ ಹೇಳಿದರು:

"ಮೇಡಂ, ನೀವು ಹೇಳೋ ಜಾಗದಾಗ ನೀರ ಐತ್ರಿ."

ಹೌದು, ನೀರಿದೆ. ಆಲಮಟ್ಟಿಯ ಹಿನ್ನೀರು ಬಂದು ಹಳೇ ಊರಿನ ತಗ್ಗಿನ ಓಣಿಗಳನ್ನೆಲ್ಲ ತುಂಬಿತು. ನನ್ನ ಏರು ಅದರಡಿಗೆ ಹೋಯಿತು. ಆ ಮನುಷ್ಯ ನಗಲಿಲ್ಲ. ಮುಂದಿನ ರವಿವಾರ ಫೋನು ಮಾಡುತ್ತೇನೆ, ಸರಿಯಾಗಿ ನೆನಪು ಮಾಡಿಕೊಂಡು ಹೇಳಿರಿ ಎಂದಷ್ಟೇ ಅಂದರು. ನೆನಪು ಮಾಡಿಕೊಂಡು ಹೇಳಿರಿ ಎಂಬುದು ನನ್ನಂಥವಳಿಗೆ ಎಂಥ ಶಿಕ್ಷೆಯೆಂದು ಅವರಿಗೇನು ಗೊತ್ತು?

ನಾನು ಹಿಡಿದ ಕೆಲಸ ಯಾವುದನ್ನೂ ನಡುವೆ ಕಾಲು ಕೆಳಗಿಡದೆ ಮುಗಿಸಿದವಳಲ್ಲ. ಪಿಎಚ್.ಡಿ. ಎರಡು ಅಧ್ಯಾಯಕ್ಕೆ ನಿಂತಿತು. ಹಾರ್ಮೋನಿಯಂ ಮೂರು ರಾಗಕ್ಕೆ. ಹೊಲಿಗೆ ಯಂತ್ರ ಒಂದು ಕುಪ್ಪಸದ ಒಂದು ತೋಳಿಗೆ. ನಿಲ್ಲದೆ ತುದಿ ಮುಟ್ಟಿದ್ದೆಂದರೆ ಆ ಏರೊಂದೇ. ಇಷ್ಟು ವರ್ಷ ಯಾವಾಗ ಧೈರ್ಯ ಬೇಕಾದರೂ ನಾನು ಅದನ್ನೇ ತೆಗೆದು ನೋಡಿಕೊಂಡಿದ್ದೇನೆ. ಅದು ಖರೆಯಾದರೆ ಲಡಾಖಿಗೆ ಹೋಗುವುದು, ಸುಳ್ಳಾದರೆ ಹೋಗುವುದೇ ಇಲ್ಲ, ಹಿಂದಿನ ಗುಂಪೂ ಬೇಡ ಮುಂದಿನದೂ ಬೇಡ ಎಂದು ಅಂದು ನನಗೆ ನಾನೇ ಕರಾರು ಹಾಕಿಕೊಂಡೆ.

ನನಗೆ ನೆನಪಿರುವುದು ಹೀಗೆ. ಪೇಟೆಯಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ರಜೆಯಲ್ಲಿ ಅಕ್ಕ, ನಾನು ಇಬ್ಬರೂ ಸೇರಿ ಒಂದು ತಾಸು ತೆಗೆದುಕೊಳ್ಳುತ್ತಿದ್ದೆವು. ಎಲ್ಲವೂ ಗಂಡಸರ ಸೈಕಲ್ಲುಗಳೇ. ಸೀಟು ನಮ್ಮ ಎದೆಯ ಮಟ್ಟಕ್ಕೆ. ಪೇಟೆಯಿಂದ ಹೊಳೆಯ ತನಕ ಇಳಿಜಾರು, ಮರಳಿ ಬರುವಾಗ ಏರು. ಒಂದೇ ಸೈಕಲ್ಲಿಗೆ ಇಬ್ಬರಿದ್ದರೆ ನಮ್ಮ ಓಣಿಯ ಹುಡುಗರದೆಲ್ಲ ಒಂದೇ ಕಾಯಿದೆ: ಇಳುವು ಒಬ್ಬರಿಗೆ, ಏರು ಒಬ್ಬರಿಗೆ. ಇಳುವು ತೆಗೆದುಕೊಂಡವರು ಏರಿನಲ್ಲಿ ಹಿಂದೆ ಕೂರಬೇಕು. ಏರಿನಲ್ಲಿ ಒಮ್ಮೆ ಕಾಲು ಕೆಳಗಿಟ್ಟರೆ ಮುಗಿಯಿತು; ಹತ್ತಿ ಕೂರಲು ಒಂದು ಕಟ್ಟೆಯೋ ಕಲ್ಲೋ ಸಿಗುವವರೆಗೆ ತಳ್ಳಿಕೊಂಡೇ ಹೋಗಬೇಕು, ಅಷ್ಟರಲ್ಲಿ ತಾಸು ಮುಗಿದಿರುತ್ತಿತ್ತು. ಒಂದು ದಿನ ನಾನು ಕಾಲು ಇಡಲಿಲ್ಲ. ಅರ್ಧದಲ್ಲಿ ಹಿಟ್ಟಿನ ಗಿರಣಿಯ ಟುಕ್‌ಟುಕ್ ಸಪ್ಪಳ, ತಿರುವಿನಲ್ಲಿ ಬೇವಿನ ಗಿಡ, ಅದನ್ನು ದಾಟಿದೊಡನೆ ಗುಡಿಯ ಕಳಸ ಮತ್ತು ಮಸೀದಿಯ ಮಿನಾರು ಒಟ್ಟಿಗೇ ಮೇಲೆದ್ದು ಬಂದವು. ತೊಡೆ ಉರಿಯುತ್ತಿದ್ದುದು ಈಗಲೂ ಗೊತ್ತಾಗುತ್ತದೆ.

ಭೂಗೋಳ ಓದಿದವಳು, ನಕ್ಷೆ ನೋಡಿದರಾಯಿತಲ್ಲ ಎಂದು ನೀವು ಕೇಳಬಹುದು. ನೋಡಿದೆ. ಕಾಲೇಜಿನ ಕಪಾಟಿನಿಂದ ಹಿನ್ನೀರು ಬರುವುದಕ್ಕಿಂತ ಹಿಂದಿನ ಸ್ಥಳಾಕೃತಿ ನಕ್ಷೆ ತೆಗೆದು, ಧೂಳು ಕೊಡವಿ, ಭೂತಕನ್ನಡಿ ಹಿಡಿದು ಕೂತೆ. ಊರಿನ ಎತ್ತರ ಹೇಳುವ ಕಂದು ಗೆರೆಗಳಲ್ಲಿ ಒಂದು ಈ ಕಡೆ ಹೋಗಿತ್ತು, ಇನ್ನೊಂದು ಆ ಕಡೆ. ನನ್ನ ದಾರಿ ಎರಡರ ನಡುವೆ ಆರಾಮಾಗಿ ಮಲಗಿತ್ತು. ಎರಡು ಗೆರೆಗಳ ನಡುವೆ ಏನಿರುತ್ತದೆಂದು ನಕ್ಷೆ ಹೇಳುವುದಿಲ್ಲ. ಸಪಾಟು ನೆಲವೂ ಇರಬಹುದು, ಎದೆಯೆತ್ತರದ ದಿಬ್ಬವೂ ಇರಬಹುದು. ಇದನ್ನು ನಾನೇ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತ ಬಂದಿದ್ದೇನೆ.

ಉಳಿದ ಸಾಕ್ಷಿಯೆಂದರೆ ಅಕ್ಕ. ಫೋನಿನಲ್ಲಿ ಕೇಳಿದರೆ ಅವಳು ನಗುತ್ತಾಳೆಂದು, ತಯಾರಿಯೂ ಆದೀತೆಂದು ಇಳಕಲ್ಲಿಗೆ ಸೈಕಲ್ ಮೇಲೆಯೇ ಹೋದೆ. ಅಕ್ಕ ಅಂಗಡಿಯ ಬಿಳಿ ಗಾದಿಯ ಮೇಲೆ ಸೀರೆ ಹರವಿಕೊಂಡು ಕೂತಿದ್ದಳು. ನನ್ನ ಬಿಗಿ ಚಡ್ಡಿಯನ್ನು ಒಮ್ಮೆ ನೋಡಿದಳು. ಗಿರಾಕಿ ಮೆಟ್ಟಿಲು ಹತ್ತಿದ ಕೂಡಲೇ ಕೈಗೆ ಸಿಕ್ಕ ಒಂದು ಸೀರೆಯನ್ನು ನನ್ನ ಮೊಳಕಾಲ ಮೇಲೆ ಎಸೆದಳು. ಅವರು ಹೋಗುವವರೆಗೆ ನಾನು ದಾಳಿಂಬರಿ ಬಣ್ಣದ ಸೀರೆ ಹೊದ್ದು ರೋಗಿಯ ಹಾಗೆ ಕೂತಿದ್ದೆ. ಆ ಗಿರಾಕಿಗೆ ಅದೇ ಸೀರೆ ಬೇಕೆನಿಸಿತು. ಅದು ಮಾರುವುದಲ್ಲ ಎಂದು ಅಕ್ಕ ಬೇರೆ ತೋರಿಸಿದಳು.

ಅವರು ಹೋದ ಮೇಲೆ ನನ್ನ ಏರಿನ ಕಥೆ ಹೇಳಿದೆ. ಅಕ್ಕ ಸೀರೆ ಮಡಚುತ್ತಲೇ ಕೇಳಿಸಿಕೊಂಡು, ಕಥೆಯೇನೋ ಹೌದು, ಆದರೆ ಅದು ತನ್ನದು ಎಂದಳು. ಹತ್ತಿದವಳು ತಾನಂತೆ, ನಾನು ಹಿಂದೆ ಕೂತಿದ್ದೆನಂತೆ. ನನಗೆ ನಗು ಬಂತು. ಅಕ್ಕ ದೊಡ್ಡವಳು, ಎಂದಾದರೂ ಇಳುವು ಬಿಟ್ಟುಕೊಟ್ಟವಳೇ? ಕಾಯಿದೆಯ ಪ್ರಕಾರ ಏರು ನನ್ನ ಪಾಲಿಗೇ ಬರಬೇಕು ಎಂದು ವಾದಿಸಿದೆ. ಸಣ್ಣವಳು ಅಳುತ್ತಾಳೆಂದು ಇಳುವು ಯಾವಾಗಲೂ ನನಗೇ ಬಿಟ್ಟಿದ್ದಳಂತೆ. ಹಾಗೆ ಬಿಟ್ಟುಕೊಟ್ಟದ್ದು ನನಗೆ ನೆನಪಿಲ್ಲವೆಂದೆ. ಬಿಟ್ಟುಕೊಟ್ಟದ್ದು ಪಡೆದುಕೊಂಡವರಿಗೆ ಯಾವಾಗ ನೆನಪಿರುತ್ತದೆ ಎಂದಳು. ನಾನು ಕೊನೆಯ ಅಸ್ತ್ರ ತೆಗೆದೆ: ಹಿಂದೆ ಕೂತಿದ್ದರೆ ನನಗೆ ಅವಳ ಬೆನ್ನು ಕಾಣಬೇಕಿತ್ತು, ಎರಡು ಜಡೆ ಕಾಣಬೇಕಿತ್ತು. ನನಗೆ ಕಂಡದ್ದು ಕಳಸ ಮತ್ತು ಮಿನಾರು.

"ನನ್ನ ಬೆನ್ನಿಗೆ ಮಾರಿ ಒತ್ತಿ ಅಳಾಕತ್ತಿದ್ದಿ. ಕಣ್ಣ ಮುಚ್ಚಿದಾಕಿಗೆ ಬೆನ್ನ ಹೆಂಗ ಕಾಣ್ತೈತಿ?" ಎಂದು ಅಕ್ಕ ಸೀರೆ ಪಕ್ಕಕ್ಕಿಟ್ಟು ನನ್ನ ಎಡಗಾಲನ್ನು ಎಳೆದುಕೊಂಡಳು. ಹಿಮ್ಮಡಿಯ ಪಕ್ಕ ಒಂದು ಹಳೆಯ ಕಲೆ ಇದೆ. ಪೆಡಲ್ ತಾಗಿ ಆದದ್ದೆಂದು ನಾನು ತಿಳಿದಿದ್ದೆ. "ಇದು ಹಿಂದಿನ ಗಾಲಿ ಕಡ್ಡ್ಯಾಗ ಸಿಕ್ಕಿದ್ದು. ನಡಿಸಿದಾಕಿ ಹಿಂಬಡ ಹಿಂದಿನ ಗಾಲ್ಯಾಗ ಹೆಂಗ ಹೋಗ್ತೈತಿ, ನೀನ ಹೇಳು. ನೀ ಕಲ್ತಾಕಿ."

ನಾನು ಕಾಲು ಬಿಡಿಸಿಕೊಂಡು ಸೀರೆಯಡಿಗೆ ಎಳೆದುಕೊಂಡೆ. ಇಷ್ಟು ವರ್ಷ ನನ್ನ ಕಾಲಿನಲ್ಲೇ ಇದ್ದ ಕಲೆ ಅಕ್ಕನ ಕಡೆಯ ಸಾಕ್ಷಿಯಾಗಿತ್ತು. ಆದರೆ ಗಾಲಿಗೆ ಕಾಲು ಸಿಕ್ಕಿದ ದಿನ ಮತ್ತು ಏರು ಹತ್ತಿದ ದಿನ ಒಂದೇ ಆಗಿರಬೇಕೆಂದೇನಿದೆ? ಇದನ್ನು ಕೇಳಿದ್ದಕ್ಕೆ ಅಕ್ಕ, ಈ ಬುದ್ಧಿಗೆ ನೀನು ಹುನಗುಂದದ ಕೋರ್ಟಿನಲ್ಲಿ ವಕೀಲಳಾಗಬೇಕಿತ್ತು ಎಂದಳು. ಊಟ ಮಾಡಿಸಿದಳು. ಹೊರಡುವಾಗ ಮಾತ್ರ, ತಾನೇ ಕೇಳಿದಳು: ಬೇಸಿಗೆಯಲ್ಲಿ ನೀರು ಇಳಿಯುತ್ತದಲ್ಲ, ಆ ದಾರಿ ಈಗ ಕಾಣುತ್ತಿರಬೇಕಲ್ಲ?

ರವಿವಾರ ಅವಳು ಮೊದಲ ಬಸ್ಸಿಗೇ ಬಾಗಲಕೋಟೆಗೆ ಬಂದಿಳಿದಳು. ನೀರಾವರಿ ಇಲಾಖೆಯ ಅಧಿಕಾರಿ ಪರಿಶೀಲನೆಗೆ ಬಂದ ಹಾಗಿತ್ತು ಅವಳ ಮುಖ. ಅವಳು ಆಟೋದಲ್ಲಿ, ನಾನು ಹಿಂದೆ ಸೈಕಲ್ ಮೇಲೆ, ಹಳೇ ಊರಿನ ಕೊನೆಯ ಮನೆಗಳನ್ನು ದಾಟಿ ನೀರು ಸರಿದ ಜಾಗಕ್ಕೆ ಬಂದೆವು. ನೆಲ ಒಣಗಿ ಬಿರುಕು ಬಿಟ್ಟಿತ್ತು. ಎಲ್ಲೆಲ್ಲೂ ಮನೆಗಳ ತಳಪಾಯ, ಸಿಂಪಿನ ಚೂರು, ಜಾಲಿಗಿಡ. ಅಲ್ಲೊಂದು ಇಲ್ಲೊಂದು ಹಳೆಯ ಡಾಂಬರಿನ ತೇಪೆಗಳು ನೀರಿನಿಂದ ಮೇಲಕ್ಕೆ ಬಂದಿದ್ದವು.

ಅದೇ ನೋಡು ಎಂದು ಅಕ್ಕ ಬಲಕ್ಕೆ ಕೈ ತೋರಿಸಿದಳು. ಅದೇ ಹೊತ್ತಿಗೆ ನಾನು ಎಡಕ್ಕೆ ತೋರಿಸಿದ್ದೆ. ಎರಡೂ ಕಡೆ ದಾರಿಯ ಹಾಗೆ ಕಾಣುವ ಏನೋ ಒಂದಿತ್ತು. ಒಂದು ಕಲ್ಲಿನ ಕಟ್ಟೆಯನ್ನು ಅಕ್ಕ ಗಿರಣಿಯ ಬುಡ ಎಂದಳು. ನನಗದು ಹೆಣ್ಣುಮಕ್ಕಳ ಶಾಲೆಯ ಮೆಟ್ಟಿಲೆನ್ನಿಸಿತು. ಬಲೆ ಒಣಗಿಸುತ್ತಿದ್ದವನೊಬ್ಬನನ್ನು ಕೇಳಿದರೆ, ಅವನು ಅದು ನೀರಿನ ಪಂಪಿನ ಮನೆ ಎಂದು ಹೇಳಿ ನಮ್ಮಿಬ್ಬರನ್ನೂ ಸೋಲಿಸಿದ. ಬೇವಿನ ಗಿಡವಂತೂ ಇರಲಿಲ್ಲ. ಅಕ್ಕ ದೊಡ್ಡವಳೆಂಬ ಒಂದೇ ಆಧಾರದ ಮೇಲೆ ಬಲಗಡೆಯ ದಾರಿ ನಮ್ಮದೆಂದು ತೀರ್ಮಾನವಾಯಿತು.

ನಾನು ನೀರಿನ ಅಂಚಿನಿಂದ ಹೊರಟೆ. ಮೊದಲು ಭಾರದ ಗೇರು, ಏರು ಬಂದೊಡನೆ ಹಗುರ ಗೇರು ಎಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಗೇರು ಬದಲಿಸಲು ಕೈ ಚಾಚುವುದರೊಳಗೆ ದಾರಿ ಮುಗಿದು, ಮೇಲಿನ ಓಣಿಯ ಸಪಾಟು ನೆಲ ಬಂದಿತ್ತು. ಹಿಡಿಕೆಯ ಮೇಲಿನ ಯಂತ್ರ ಏರು ಎಷ್ಟೆಂದು ತೋರಿಸಬೇಕು. ಅದು ಹೇಳಿಕೊಳ್ಳುವಂಥದ್ದೇನನ್ನೂ ತೋರಿಸಲಿಲ್ಲ. ಮಿನಾರೂ ಕಳಸವೂ ಎದ್ದು ಬರಲಿಲ್ಲ. ಅವು ಕೆಳಗಿನಿಂದಲೇ ಕಾಣುತ್ತಿದ್ದವು.

ತಿರುಗಿ ನೋಡಿದರೆ ಕೆಳಗೆ ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆಗ ನನಗೆ ತಿಳಿಯಿತು, ಈ ಯಂತ್ರ ನನ್ನ ಏರನ್ನಷ್ಟೇ ನುಂಗಿಲ್ಲ. ಹತ್ತಿದವಳು ಯಾರೇ ಇರಲಿ, ಹತ್ತಿದ್ದು ಇಷ್ಟೇ. ಲಗ್ನವಾದ ಮೇಲೆ ಸೈಕಲ್ ಮುಟ್ಟದ ಅಕ್ಕ ನಲವತ್ತು ವರ್ಷ ಸೀರೆ ಮಡಚುತ್ತ ಅದೇ ಏರನ್ನು ಹತ್ತಿದ್ದಳೇನೋ. ನಾನು ಇಳಿದು ಬಂದೆ. ಹೇಗಿತ್ತು ಎಂದು ಕೇಳಿದಳು. ಐತಿ, ಸಣ್ಣಗ ಜಗ್ಗತೈತಿ ಎಂದೆ.

"ಸುಳ್ಳ ಹೇಳಬ್ಯಾಡ. ನಿನಗ ದಮ್ಮ ಹತ್ತಿಲ್ಲ."

ಅಷ್ಟು ಹೇಳಿ ಅವಳು ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ತಾನೇ ಹೊರಟಳು. ಮೊಳಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವವಳು, ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುವವಳು. ಎಲ್ಲಾದರೂ ನಿಲ್ಲಲಿ, ಸೊಂಟಕ್ಕೆ ಕೈ ಕೊಡಲಿ, ಒಮ್ಮೆ ಉಸ್ಸೆನ್ನಲಿ ಎಂದು ನಾನು ಕೆಳಗೆ ನಿಂತು ಬೇಡಿಕೊಂಡೆ. ದೇವಿ ಏನು ಕೊಡಬೇಕೆಂದು ಬಾದಾಮಿಯ ರೊಟ್ಟಿಯಾಕೆ ಆಗ ಕೇಳಿದ್ದರೆ ನಾನು ಕೂಡಲೇ ಹೇಳುತ್ತಿದ್ದೆ. ಅಕ್ಕ ನಿಲ್ಲಲಿಲ್ಲ. ತುದಿಗೆ ಹೋಗಿ, ಅತ್ತಿತ್ತ ನೋಡಿ, ಹಾಗೆಯೇ ಇಳಿದು ಬಂದು ನೀರಿನಲ್ಲಿ ಪಾದ ತೊಳೆದುಕೊಂಡು ಆ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ.

ಸಮಾಧಾನ ಮಾಡುವುದು ನನ್ನ ಕೆಲಸವೆನ್ನಿಸಿತು. ಹೂಳು ತುಂಬಿ ನೆಲ ಮೇಲೆ ಬಂದಿರಬೇಕು ಎಂದೆ. ಎಡಗಡೆಯದೇ ಖರೆ ದಾರಿಯಿರಬೇಕು ಎಂದೆ. ಕೊನೆಗೆ, ಆಗ ನಾವೆಷ್ಟು ಗಿಡ್ಡ ಇದ್ದೆವು, ಸೀಟಿನ ಮೇಲೆ ಕೂತರೆ ಕಾಲು ಎಟುಕುತ್ತಿರಲಿಲ್ಲ, ನೀನು ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದೆ, ಅಂಥವಳಿಗೆ ಇದೂ ಘಾಟೇ ಅಲ್ಲವೇ ಎಂದೆ. ಒಳ್ಳೆಯ ಮಾತು ಸಿಕ್ಕಿತೆಂದು ನನಗೆ ಹಿಗ್ಗೂ ಆಯಿತು.

ಅಕ್ಕ ನೀರು ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. "ಒಳಪೆಡಲ್ ಹೊಡಿಯಾಕಿ, ಹಿಂದ ನಿನ್ನನ್ನ ಕೂಡಿಸ್ಕೊಂಡು ಏರು ಹೆಂಗ ಹತ್ತಿದೆ?"

ಅದನ್ನು ನಾನು ಯೋಚಿಸಿರಲಿಲ್ಲ. ಸೈಕಲ್ಲನ್ನು ವಾರೆ ಮಾಡಿ, ಒಂದು ಕಾಲು ಒಳಗಿಂದ ಹಾಕಿ, ಅರ್ಧರ್ಧ ಸುತ್ತು ತುಳಿಯುವವಳ ಹಿಂದೆ ಯಾರಾದರೂ ಕೂತರೆ ಸಪಾಟು ನೆಲದ ಮೇಲೂ ಇಬ್ಬರೂ ಬೀಳುತ್ತಾರೆ. ನಾನು ಒಳಪೆಡಲ್ ತುಳಿದು ಅಕ್ಕನನ್ನು ಹಿಂದೆ ಹೊತ್ತಿದ್ದರೂ ಅಷ್ಟೇ. ಅಕ್ಕನ ಕಥೆಯನ್ನು ಉಳಿಸಲು ಹೋಗಿ ಎರಡನ್ನೂ ಒಟ್ಟಿಗೇ ಕೆಡವಿದ್ದೆ. ಎಮ್ಮೆಗಳು ನೀರಿಗಿಳಿದವು.

"ತಳ್ಳಿಕೊಂಡ ಹೋಗೀವೇನೋ," ಎಂದಳು ಅಕ್ಕ.

ಹಾಗಾದರೆ ಹಿಮ್ಮಡಿಯ ಗಾಯ ಎಂದು ಕೇಳಿದೆ. ಗೊತ್ತಿಲ್ಲವೆಂದು ತಲೆಯಾಡಿಸಿದಳು. ಹಾಗಾದರೆ ತೊಡೆಯ ಉರಿ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಹುಬ್ಬಳ್ಳಿಯ ಫೋನು ಬಂತು. ಆ ಮನುಷ್ಯ ಅದೇ ಮೃದು ದನಿಯಲ್ಲಿ, ನೆನಪಾಯಿತೇನು ಮೇಡಂ ಎಂದರು. ನಾನು ಹತ್ತಿದ್ದೆ ಎಂದೆ. ಹತ್ತಿದ್ದೆನೇನೋ ಎಂದೆ. ಏರು ಸಿಕ್ಕಿದೆ, ಆದರೆ ಅದು ಅದೇ ಅಲ್ಲದೆಯೂ ಇರಬಹುದು, ನೀರು ಬೇರೆ ಬಂದು ಹೋಗಿದೆ ಎಂದೆ. ಬರುತ್ತೀರೋ ಇಲ್ಲವೋ ಎಂದು ಅವರು ಕೇಳಿದರು. ನನ್ನ ಕರಾರಿನಲ್ಲಿ ಖರೆಯಾದರೆ ಏನು, ಸುಳ್ಳಾದರೆ ಏನು ಎಂದು ಎರಡೇ ಇದ್ದವು. ಇದು ಎರಡೂ ಅಲ್ಲದಿದ್ದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಅಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ನಾ ಆಕಿ ಅಕ್ಕ ಮಾತಾಡಾಕತ್ತೇನ್ರಿ. ನೋಡ್ರಿ, ಆಕಿ ಹತ್ತಿಲ್ಲ. ನಾನೂ ಹತ್ತಿಲ್ಲ. ಇಬ್ಬರೂ ತಳ್ಳಿಕೊಂಡ ಬಂದಾವ್ರು. ಆ ಹಿಂದಿನ ಗಾಡಿ ಗುಂಪಿನ್ಯಾಗ ಆಕಿ ಹೆಸರ ಹಾಕ್ರಿ." ಆಮೇಲೆ ಸ್ವಲ್ಪ ತಡೆದು, "ಅಲ್ಲಿ ತಳ್ಳಿಕೊಂಡ ಹೋದ್ರ ನಡೀತೈತಲ್ರಿ?" ಎಂದು ಕೇಳಿದಳು. ಆ ಕಡೆಯಿಂದ ಏನೋ ಉದ್ದದ ಉತ್ತರ ಬಂತು. ಎಲ್ಲವನ್ನೂ ಕೇಳಿಸಿಕೊಂಡಳು. "ಹಂಗಾದ್ರ ಬರ್ತಾಳ," ಎಂದು ಫೋನು ನನಗೆ ಕೊಟ್ಟಳು.

ನನಗೆ ಸಿಟ್ಟು ಬರಬೇಕಿತ್ತು. ನನ್ನ ಜೀವಮಾನದ ಒಂದೇ ಒಂದು ಏರನ್ನು ಹುಬ್ಬಳ್ಳಿಯ ಅಪರಿಚಿತನ ಮುಂದೆ ಅಳಿಸಿ ಹಾಕಿದ್ದಳು. ಆದರೆ ಅದೇ ಕೈಯಿಂದ ತನ್ನದನ್ನೂ ಅಳಿಸಿದ್ದಳು, ಅದನ್ನು ಯಾರೂ ಕೇಳಿರಲಿಲ್ಲ. ಅವಳು ನಿಜವಾಗಿ ಹಾಗೆ ನಂಬಿದಳೋ, ನನ್ನನ್ನು ಕಳಿಸಲೆಂದು ಹಾಗೆ ಹೇಳಿದಳೋ ಎಂದು ನಾನು ಈ ಪುಟ ಬರೆಯುವಾಗಲೂ ಯೋಚಿಸುತ್ತಿದ್ದೇನೆ. ಕೇಳಿದರೆ ಹೇಳುವವಳಲ್ಲ. ಹೇಳಿದರೂ, ಅದು ಅಂದು ಅನ್ನಿಸಿದ್ದೋ ಇಂದು ಅನ್ನಿಸಿದ್ದೋ ಯಾರು ಬಲ್ಲರು.

ಬಿಸಿಲು ಏರಿತ್ತು. ಆಟೋದವನು ಮೇಲಿನಿಂದ ಹಾರ್ನ್ ಮಾಡಿದ. ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ನಾನು ಸೈಕಲ್ ಹತ್ತದೆ, ಹಿಡಿಕೆ ಹಿಡಿದು ನಡೆಯತೊಡಗಿದೆ. ನಾಲ್ಕು ಹೆಜ್ಜೆ ಹೋಗಿರಬೇಕು, ಸೈಕಲ್ಲು ತಾನಾಗಿ ಮುಂದಕ್ಕೆ ಸರಿದ ಹಾಗಾಯಿತು. ಹಿಂದೆ ನೋಡಿದರೆ ಅಕ್ಕ ಸೀಟಿಗೆ ಎರಡೂ ಕೈ ಕೊಟ್ಟು ನೂಕುತ್ತಿದ್ದಳು. ಅದು ಒಂದು ಕೈಯಿಂದ ಎತ್ತಿ ಹೆಗಲಿಗೆ ಹಾಕಿಕೊಳ್ಳಬಹುದಾದ ಸೈಕಲ್ಲು. ಇಬ್ಬರು ಬೇಕಿರಲಿಲ್ಲ, ಏರೂ ಇರಲಿಲ್ಲ. ಅವಳು ನೂಕಿದಳು, ನಾನು ಜಗ್ಗಿದೆ.